ಎಣ್ಣೆಗೆ ಹಾಕಿದ ದುಡ್ಡು

ಉಜಿಜಿ
೧೯ ಅಕ್ಟೋಬರ್ ೧೯೯೧

ಮಗಳೇ ಅರಾಫಾ,

ನನ್ನ ಇದ್ದತ್, ವಿಧವೆ ಮನೆಯೊಳಗೇ ಕೂರುವ ನಾಲ್ಕು ತಿಂಗಳು ಹತ್ತು ದಿನ, ನಿನ್ನೆಗೆ ಮುಗಿಯಿತು. ಬಿಳಿ ಬಟ್ಟೆ ಕಳಚಿ ಹಸಿರು ಕಾಂಗಾ ಸುತ್ತಿಕೊಂಡೆ. ಮೊದಲು ನಿನ್ನ ಅಪ್ಪನ ಗೋರಿಗೆ ಹೋಗಿ, ಅಲ್ಲಿಂದ ನೇರ ಸಾಬೂನಿನ ಅಂಗಳಕ್ಕೆ ಹೋದೆ. ತಿಂಗಳುಗಟ್ಟಲೆ ಹೊಸಿಲು ದಾಟದೆ ಕೂತವಳಿಗೆ ಬೀದಿಯ ಬಿಸಿಲು ಕಣ್ಣು ಕುಕ್ಕಿತು.

ನಿನ್ನ ಚಿಕ್ಕಪ್ಪ ಮ್ರಿಶೊ ನಿನ್ನ ಅಪ್ಪನ ಕುರ್ಚಿಯಲ್ಲಿ ಕೂತಿದ್ದ. ಕೂರಲಿ, ಕುರ್ಚಿ ಇರುವುದೇ ಕೂರಲಿಕ್ಕೆ. ಆದರೆ ನನ್ನನ್ನು ಕಂಡು ಏಳಲಿಲ್ಲ.

"ಬನ್ನಿ ಅತ್ತಿಗೆ. ನಿಮ್ಮ ತೊಳಸೋ ಕೋಲು ಅಲ್ಲೇ ಇದೆ ನೋಡಿ, ಯಾರೂ ಮುಟ್ಟಿಲ್ಲ" ಎಂದ.

"ಕೋಲಿನ ಮಾತು ಆಮೇಲೆ ಆಡೋಣ. ಅವರ ಪಾಲಿನ ಮಾತು ಹೇಳು."

"ಯಾವ ಪಾಲು? ಲೈಸೆನ್ಸು ನನ್ನ ಹೆಸರಲ್ಲಿದೆ. ಅಣ್ಣ ನನ್ನ ಜೊತೆ ಕೆಲಸ ಮಾಡ್ತಿದ್ದ, ಅಷ್ಟೆ. ನೀವೂ ಮಾಡಿ. ಊಟಕ್ಕೆ, ಬಟ್ಟೆಗೆ ಕಮ್ಮಿ ಆಗಲ್ಲ."

"ನಾನು ಮದುವೆಯಾಗಿ ಬಂದಾಗ ಈ ಅಂಗಳದಲ್ಲಿ ಒಂದು ಹಂಡೆ ಇತ್ತು ಮ್ರಿಶೊ. ಈಗ ಐದಿವೆ. ಆ ನಾಲ್ಕು ಹಂಡೆ ಯಾರ ರಟ್ಟೆಯಿಂದ ಬಂದ್ವು?"

"ದೇವರು ಕೊಟ್ಟ" ಎಂದು ಮೇಲೆ ನೋಡಿದ. ಅವನ ಹೆಂಡತಿ ಚಿಕು ಹಂಡೆಯ ಹೊಗೆಯಲ್ಲಿ ಮುಖ ಮರೆಸಿಕೊಂಡಳು. ಮನೆಯಲ್ಲಿ ತನಗೆ ಬರಬೇಕಾದ ಭಾಗವನ್ನು ನಮಗೆ ಬಿಟ್ಟುಕೊಟ್ಟೆನೆಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದರ ಬದಲಿಗೆ ಅಂಗಳವನ್ನು ಪೂರ್ತಿ ನುಂಗಿದ್ದನ್ನು ಮಾತ್ರ ಹೇಳುವುದಿಲ್ಲ.

ನಾನು ಕೋಲನ್ನು ಕೈಗೆ ತೆಗೆದುಕೊಂಡೆ. ಗೆದ್ದೆನೆಂದು ಅವನು ಚಹಾದ ಬಟ್ಟಲಿಗೆ ಕೈ ಚಾಚಿದ. ಕೋಲನ್ನು ಹೆಗಲ ಮೇಲಿಟ್ಟುಕೊಂಡು ಬಾಗಿಲು ದಾಟಿ, ಮಾರುಕಟ್ಟೆಯ ನಡುವೆಯೇ ನಡೆದು ಮನೆಗೆ ಬಂದೆ. ಅದು ನನ್ನದು, ಮಾವಿನ ಕೊಂಬೆಯಿಂದ ನಾನೇ ಕೆತ್ತಿಸಿಕೊಂಡದ್ದು.

ನಮ್ಮ ಹಿತ್ತಲಲ್ಲೇ ಸಾಬೂನು ಮಾಡುತ್ತೇನೆ. ಕಿವಿಯ ಓಲೆಗಳಿವೆ, ಅವನ್ನು ಮಾರಿದರೆ ಹಂಡೆಯಾಗಿ ಬಳಸಲು ಒಂದು ಪೀಪಾಯಿ ಬರುತ್ತದೆ. ನಿನ್ನಿಂದ ಏನನ್ನೂ ಕೇಳುತ್ತಿಲ್ಲ. ಬೇರೆ ಯಾರೋ ಬೇರೆ ಥರ ಬರೆಯುವ ಮುಂಚೆ ನನ್ನ ಬಾಯಿಂದಲೇ ನಿನಗೆ ತಿಳಿಯಲಿ ಎಂದು ಬರೆದೆ.

ನಿನ್ನ ತಾಯಿ
ಮ್ವನೈದಿ


ಮಾಗೊಮೆನಿ, ದಾರ್ ಎಸ್ ಸಲಾಮ್
೬ ನವೆಂಬರ್ ೧೯೯೧

ಅಮ್ಮ,

ನಿನ್ನ ಪತ್ರವನ್ನು ಕಚೇರಿಯಲ್ಲಿ ಟೈಪ್ ಯಂತ್ರದ ಮರೆಯಲ್ಲಿಟ್ಟುಕೊಂಡು ಓದಿದೆ. ಕೋಲು ಹೊತ್ತು ಮಾರುಕಟ್ಟೆ ದಾಟಿದ್ದನ್ನು ಓದಿ ಮೊದಲು ನಗು ಬಂತು, ಆಮೇಲೆ ಬಂದದ್ದು ನಗುವಲ್ಲ. ಹೆಡ್ ಗುಮಾಸ್ತರು ಮಲೇರಿಯಾ ಬಂತೇ ಎಂದು ಕೇಳಿದರು.

ಪಕ್ಕದ ಕೋಣೆಯ ಮುದುಕರು ನಮ್ಮೂರ ಕಡೆಗೆ ಕಿಗೊಮಾದ ರೈಲು ಹತ್ತುತ್ತಿದ್ದಾರೆ. ಅವರ ಕೈಲಿ ಅರವತ್ತು ಸಾವಿರ ಶಿಲಿಂಗ್ ಕಳಿಸುತ್ತಿದ್ದೇನೆ. ಇಲ್ಲಿ ಬಂದಾಗಿನಿಂದ ಉಳಿಸಿದ್ದು. ಓಲೆ ಮಾರಬೇಡ.

ಆದರೆ ಅಮ್ಮ, ಒಂದು ಮಾತು ಕೇಳು. ಪೀಪಾಯಿ, ಹೊಗೆ, ಕಾಸ್ಟಿಕ್ ಸೋಡಾ ಇವೆಲ್ಲ ಮತ್ತೆ ಬೇಡ. ನಿನ್ನ ಕೈಗಳ ಮೇಲಿನ ಸುಟ್ಟ ಕಲೆಗಳನ್ನು ನೋಡುತ್ತಲೇ ನಾನು ಬೆಳೆದೆ. ಮಾರುಕಟ್ಟೆಯ ಬಾಗಿಲ ಹತ್ತಿರ ಒಂದು ಅಂಗಡಿ ಹಿಡಿ. ಬಾಡಿಗೆಯನ್ನು ವರ್ಷಕ್ಕಾಗುವಷ್ಟು ಮುಂಗಡವಾಗಿ ಕೊಟ್ಟುಬಿಡು, ಆಗ ಯಾರೂ ನಿನ್ನನ್ನು ಎಬ್ಬಿಸಲಾರರು. ಬಡಗಿಗೆ ಹೇಳಿ ಒಂದು ಗಾಜಿನ ಬೀರು ಮಾಡಿಸು. ಮೇಲೆ ನೀಲಿ ಬಣ್ಣದ ಹೆಸರು ಹಲಗೆ. ಇಲ್ಲಿನ ಕಾರ್ಖಾನೆ ಸಾಬೂನನ್ನು, ಕಾಗದ ಸುತ್ತಿದ್ದನ್ನು, ನಾನು ರೈಲಿಗೆ ಹಾಕುತ್ತೇನೆ. ನೀನು ಕುರ್ಚಿಯಲ್ಲಿ ಕೂತು ಮಾರು. ಇಲ್ಲಿ ಕಾರಿಯಾಕೂ ಮಾರುಕಟ್ಟೆಯಲ್ಲಿ ದಿನಾ ನೋಡುತ್ತೇನೆ, ಜನ ಅಂಗಡಿಯ ಮುಖ ನೋಡಿ ಒಳಗೆ ಬರುತ್ತಾರೆ. ಯಾರದೋ ಹಿತ್ತಲನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ.

ಹಣ ತಲುಪಿದ ಕೂಡಲೇ ಬರೆ. ಅಂಗಡಿ ಯಾವುದು, ಬಾಡಿಗೆ ಎಷ್ಟು, ಎಲ್ಲ ಬರೆ.

ಅರಾಫಾ


ಉಜಿಜಿ
೨ ಡಿಸೆಂಬರ್ ೧೯೯೧

ಮಗಳೇ,

ಹಣ ತಲುಪಿತು. ಮುದುಕರಿಗೆ ಮೀನು ಹುರಿದು ಹಾಕಿ ಕಳಿಸಿದೆ. ಇನ್ನು ಮುಂದಿನದನ್ನು ಪೂರ್ತಿ ಓದಿದ ಮೇಲೆ ಬೈ, ನಡುವೆ ಬೇಡ.

ಅಂಗಡಿ ಹಿಡಿಯಲಿಲ್ಲ. ಬೀರು ಮಾಡಿಸಲಿಲ್ಲ. ಹಲಗೆಯೂ ಇಲ್ಲ. ಒಂದು ಪೀಪಾಯಿ, ನಾಲ್ಕು ಮರದ ಅಚ್ಚು ಬಿಟ್ಟರೆ ನಿನ್ನ ದುಡ್ಡೆಲ್ಲ ಎಣ್ಣೆಗೆ ಹೋಗಿದೆ.

ನೀನು ಹೇಳಿದ ಅಂಗಡಿಯನ್ನು ನೋಡಲಿಲ್ಲವೆಂದು ತಿಳಿಯಬೇಡ. ಹೋಗಿ ಒಂದಿಡೀ ಬೆಳಗ್ಗೆ ಎದುರು ಮೆಟ್ಟಿಲ ಮೇಲೆ ಕೂತು ನೋಡಿದೆ. ಆ ಸಾಲಿನ ಅಂಗಡಿಗಳಲ್ಲೆಲ್ಲ ಕಾಗದ ಸುತ್ತಿದ ಸಾಬೂನು ಇದೆ, ಅದರ ಮೇಲೆ ಧೂಳೂ ಇದೆ. ಜನ ಬೀರನ್ನು ನೋಡುತ್ತಾರೆ, ಆಮೇಲೆ ಮ್ರಿಶೊನ ಬಂಡಿಯ ಹತ್ತಿರ ಹೋಗಿ ತಂತಿಯಲ್ಲಿ ಕೊಯ್ಸಿಕೊಂಡು ಒಂದು ತುಂಡು ಒಯ್ಯುತ್ತಾರೆ. ದಾರ್‌ನಲ್ಲಿ ಅಂಗಡಿಯ ಮುಖ ನೋಡುವವರಿರಬಹುದು. ಇಲ್ಲಿ ನೊರೆ ನೋಡುತ್ತಾರೆ.

ಹಾಗಾಗಿ ಎಣ್ಣೆ ತರಲು ದೋಣಿಗಟ್ಟೆಗೆ ಹೋದೆ. ಕೆಳಗಿನ ಹಳ್ಳಿಗಳಿಂದ ಬಂದ ಡಬ್ಬಗಳು ಸಾಲಾಗಿ ನಿಂತಿದ್ದವು. ಕೈ ಹಾಕಲು ಹೋದರೆ ಹಮಾಲಿಗಳು, "ಇದು ಮ್ರಿಶೊಂದು, ಅದೂ ಮ್ರಿಶೊಂದು, ಇನ್ನೂ ನೀರಲ್ಲಿ ಬರ್ತಿರೋದೂ ಮ್ರಿಶೊಂದೇ" ಎಂದರು. ಆಗ ನನಗೆ ಹೊಳೆಯಿತು. ನಾನು ಮ್ರಿಶೊನ ಹಂಡೆಗಳಿಗೆ ಹೆದರಿದ್ದೆ. ಹಂಡೆ ಯಾರ ಹತ್ತಿರವಾದರೂ ಇರಬಹುದು. ಎಣ್ಣೆ ಇಲ್ಲದವನು ಏನು ತೊಳಸುತ್ತಾನೆ?

ನಿನಗೆ ಬಿಲಾಲಿ ಗೊತ್ತಲ್ಲ, ಅಪ್ಪನ ಜೊತೆ ಬಾವ್ ಆಟ ಆಡುತ್ತಾ ಸದಾ ಸೋಲುತ್ತಿದ್ದ ದೋಣಿಯವನು. ಅವನಿಗೆ ಹೇಳಿ, ಎಣ್ಣೆ ತೆಗೆಯುವ ಊರಾದ ಇಲಗಾಲಕ್ಕೆ ಹೊರಟೆ. ನದಿ ಬಂದು ಸರೋವರಕ್ಕೆ ಸೇರುವ ಕಡೆ ಹೆಂಗಸರು ತಾಳೆಹಣ್ಣು ಕುಟ್ಟುತ್ತಿದ್ದರು, ಮೊಣಕೈವರೆಗೂ ಕೆಂಪಾಗಿದ್ದರು. ಅವರಲ್ಲಿ ದೊಡ್ಡವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಜೊತೇಲಿ ಗಂಡಸರು ಯಾರೂ ಬರ್ಲಿಲ್ವಾ?"

"ಒಬ್ಬ ಇದ್ದಾನೆ, ದೋಣೀಲಿ ಗೊರಕೆ ಹೊಡೀತಿದ್ದಾನೆ. ಎಬ್ಬಿಸ್ಲಾ?"

ಎಲ್ಲರೂ ನಕ್ಕರು. ನಕ್ಕ ಮೇಲೆ ಮಾತು ಸಲೀಸಾಯಿತು. ಮ್ರಿಶೊ ಅವರಿಗೆ ದುಡ್ಡು ಕೊಡುವುದು ಸಾಬೂನು ಮಾರಿದ ಮೇಲಂತೆ. ಕಳೆದ ವರ್ಷದ ಬಾಕಿ ಈಗಲೂ ಇದೆಯಂತೆ. ನಾನು ಕಾಂಗಾದ ಗಂಟು ಬಿಚ್ಚಿ ನೋಟುಗಳನ್ನು ಚಾಪೆಯ ಮೇಲೆ ಇಟ್ಟೆ.

"ನಾಳೆ ಮ್ರಿಶೊ ಕೇಳಿದ್ರೆ ಏನನ್ನೋಣ?" ಎಂದಳು ಅವಳು.

"ದುಡ್ಡು ಕೊಟ್ಟೋರಿಗೆ ಕೊಟ್ವಿ ಅನ್ನಿ."

ಬರುವಾಗ ಅಲೆ ಎದ್ದಿತು. ದೋಣಿ ಬಾಗುತ್ತಿತ್ತು. ಬಿಲಾಲಿ ಹೆದರಿ, "ಒಂದೈದು ಡಬ್ಬ ನೀರಿಗೆ ಹಾಕಿಬಿಡೋಣ, ಜೀವ ಉಳಿದ್ರೆ ಸಾಕು" ಎಂದ. ನಾನು ಡಬ್ಬಗಳ ಮೇಲೆ ಕೂತುಕೊಂಡು ಹೇಳಿದೆ, "ಮೊದ್ಲು ನಿನ್ನ ಹಾಕ್ತೀನಿ. ಭಾರದಲ್ಲಿ ನೀನೇ ಹೆಚ್ಚು." ಅವನು ಗೊಣಗುತ್ತಲೇ ದಡದವರೆಗೂ ಹುಟ್ಟು ಹಾಕಿದ.

ಈಗ ಮಳೆಗಾಲ, ಎಣ್ಣೆ ಅಗ್ಗ. ಜೂನ್‌ನಲ್ಲಿ ಮಳೆ ನಿಂತು ಒಣಗಾಲ ಬಂದರೆ ಬೆಲೆ ಎರಡರಷ್ಟಾಗುತ್ತದೆ. ಡಬ್ಬಗಳನ್ನು ನಿನ್ನ ಕೋಣೆಯಲ್ಲಿ ಇಟ್ಟಿದ್ದೇನೆ, ಅದೇ ತಂಪು. ಜಾಗ ಸಾಲದ್ದರಿಂದ ನಿನ್ನ ಮಂಚವನ್ನು ಹೊರಗೆ ತೆಗೆದೆ.

ನಿನ್ನ ತಾಯಿ
ಮ್ವನೈದಿ


ಮಾಗೊಮೆನಿ
೨೦ ಡಿಸೆಂಬರ್ ೧೯೯೧

ಅಮ್ಮ,

ನೀನು ಹೇಳಿದಂತೆ ಪೂರ್ತಿ ಓದಿದೆ.

ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು. ಒಂದು ಪತ್ರ ಹೋಗಿ ಬರಲು ಎರಡು ವಾರ ಸಾಕು. ಎಣ್ಣೆ ಅಷ್ಟರಲ್ಲಿ ಓಡಿಹೋಗುತ್ತಿರಲಿಲ್ಲ. ಚಿಕ್ಕಪ್ಪ ನಿನ್ನನ್ನು ಕೇಳದೆ ಎಲ್ಲವನ್ನೂ ತೀರ್ಮಾನಿಸಿದನೆಂದು ನಿನಗೆ ಸಿಟ್ಟು. ನೀನು ನನಗೆ ಮಾಡಿದ್ದು ಬೇರೆ ಏನು?

ದುಡ್ಡು ನೀರಿಗೆ ಬಿದ್ದಿದ್ದರೆ? ದೋಣಿ ಮಗುಚಿದ್ದರೆ? ನನಗೆ ಅಪ್ಪ ತೀರಿಕೊಂಡ ಸುದ್ದಿ ತಲುಪಿದ್ದೂ ಟೆಲಿಗ್ರಾಮಿನಲ್ಲಿ, ಮೂರು ಸಾಲಿನಲ್ಲಿ.

ನನ್ನ ಮಂಚ ಈಗ ಎಲ್ಲಿದೆ?

ಅರಾಫಾ


ಉಜಿಜಿ
೩೦ ಜನವರಿ ೧೯೯೨

ಮಗಳೇ ಅರಾಫಾ,

ನಿನ್ನ ಮಂಚ ಅಡುಗೆಮನೆಯ ಮಾಡಿನ ಕೆಳಗಿದೆ. ಮಳೆ ತಾಗದಂತೆ ಚಾಪೆ ಹೊದಿಸಿದ್ದೇನೆ. ಒಂದು ಗೀರೂ ಬಿದ್ದಿಲ್ಲ.

ಕೇಳಬಹುದಾಗಿತ್ತು ಎಂದೆಯಲ್ಲ, ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಆದರೂ ನಾನು ಮಾಡುತ್ತಿದ್ದೆ. ಆಗ ಇನ್ನೂ ದೊಡ್ಡ ಜಗಳವಾಗುತ್ತಿತ್ತು. ಅಷ್ಟೇ ನನ್ನ ಉತ್ತರ.

ಈಗ ಇಲ್ಲಿಯ ಸುದ್ದಿ. ನನ್ನ ಹತ್ತಿರ ಊರಲ್ಲೇ ಯಾರ ಹತ್ತಿರವೂ ಇಲ್ಲದಷ್ಟು ಎಣ್ಣೆ ಇದೆ, ಒಂದು ತುಂಡು ಸಾಬೂನೂ ಇಲ್ಲ. ಕಾಸ್ಟಿಕ್ ಸೋಡಾ ಸಿಗುತ್ತಿಲ್ಲ. ಸೋಡಾ ಮಾರುವ ಅಂಗಡಿಗಳು ಇಲ್ಲಿ ಎರಡೇ. ಒಬ್ಬ ಕಣ್ಣು ತಪ್ಪಿಸಿ, "ಮುಗೀತು ತಾಯಿ" ಎಂದ. ಇನ್ನೊಬ್ಬನ ಹಿಂದೆ ಚೀಲ ಚೀಲವೇ ನಿಂತಿತ್ತು.

"ಅದೇನು?" ಎಂದೆ.

"ಅದಾ... ಗೋಧಿ ಹಿಟ್ಟು."

"ಹಂಗಾದ್ರೆ ಒಂದು ಹಿಡಿ ಬಾಯಿಗೆ ಹಾಕ್ಕೊ. ನೋಡ್ಕೊಂಡು ಹೋಗ್ತೀನಿ."

ಅವನು ಬೆವರಿದ. ಕೊನೆಗೆ ಕೈಮುಗಿದು, "ನಿಮಗೆ ಕೊಟ್ರೆ ಮ್ರಿಶೊ ನನ್ನ ಹತ್ರ ವ್ಯಾಪಾರ ಬಿಡ್ತಾನೆ. ನನಗೂ ಮಕ್ಕಳಿದ್ದಾರೆ" ಎಂದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ.

ಸುಮ್ಮನೆ ಕೂರಲಾರದೆ ಬಾಳೆಸಿಪ್ಪೆ ಸುಟ್ಟು, ಬೂದಿಯ ನೀರು ತೆಗೆದು, ಅದರಲ್ಲಿ ಒಂದು ಹಂಡೆ ಮಾಡಿ ನೋಡಿದೆ. ನನ್ನ ಅಜ್ಜಿ ಹಾಗೆ ಮಾಡುತ್ತಿದ್ದಳು. ಗಟ್ಟಿಯಾಗಲೇ ಇಲ್ಲ. ಕಪ್ಪಗೆ, ಗಂಜಿಯ ಹಾಗೆ ಕೂತಿತು. ಮಾರಲು ಒಯ್ದರೆ ಒಬ್ಬಳು, "ಇದನ್ನ ಹಚ್ಕೋಬೇಕಾ, ಉಣ್ಣಬೇಕಾ?" ಎಂದು ಕೇಳಿದಳು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಮನೆಗೆ ಬಂದು ಹಂಡೆಯನ್ನು ಒದ್ದೆ. ಕಾಲು ಊದಿದೆ.

ಮ್ರಿಶೊ ಬಂದಿದ್ದ. ಹಿತ್ತಲ ಬಾಗಿಲಲ್ಲಿ ನಿಂತು, ಬಲು ಮೃದುವಾಗಿ, "ಅತ್ತಿಗೆ, ಎಣ್ಣೆ ಕೆಡುತ್ತೆ. ನೀವು ಕೊಟ್ಟ ಬೆಲೇಲಿ ಅರ್ಧ ಕೊಡ್ತೀನಿ. ಸಂಬಂಧ ಉಳೀಲಿ" ಎಂದ.

"ಎಣ್ಣೆ ಕೆಟ್ರೆ ದೀಪ ಹಚ್ತೀನಿ" ಎಂದೆ. "ಇಡೀ ಬೀದಿಗೆ ಹಚ್ತೀನಿ. ಆ ಬೆಳಕಲ್ಲಿ ನಿನ್ನ ಮುಖಾನ ಎಲ್ರೂ ನೋಡ್ಲಿ."

ಇದನ್ನೆಲ್ಲ ನಿನ್ನ ಮನಸ್ಸು ಕರಗಿಸಲು ಬರೆಯುತ್ತಿಲ್ಲ. ನಿನ್ನ ದುಡ್ಡು ಎಲ್ಲಿದೆ, ಹೇಗಿದೆ ಎಂದು ತಿಳಿಯುವ ಹಕ್ಕು ನಿನಗಿದೆ, ಅದಕ್ಕೆ ಬರೆದೆ. ಅದು ನಿನ್ನ ಕೋಣೆಯಲ್ಲಿದೆ. ಕೆಂಪಗಿದೆ. ಇನ್ನೂ ಕೆಟ್ಟಿಲ್ಲ.

ತಾಯಿ
ಮ್ವನೈದಿ


ಮಾಗೊಮೆನಿ
೧೮ ಫೆಬ್ರವರಿ ೧೯೯೨

ಅಮ್ಮ,

ಸೋಮವಾರದ ರೈಲಿನಲ್ಲಿ ಎರಡು ಚೀಲ ಕಾಸ್ಟಿಕ್ ಸೋಡಾ, ಒಂದು ಮರದ ಪೆಟ್ಟಿಗೆ ಹಾಕಿಸಿದ್ದೇನೆ. ರಸೀದಿ ಇದರ ಜೊತೆಗಿದೆ. ನಿಲ್ದಾಣಕ್ಕೆ ನೀನೇ ಹೋಗು, ಬೇರೆ ಯಾರನ್ನೂ ಕಳಿಸಬೇಡ. ಚೀಲ ಒದ್ದೆಯಾಗಿದ್ದರೆ ಮುಟ್ಟಬೇಡ.

ಕಾರಿಯಾಕೂವಿನ ಅಂಗಡಿಯವನು, "ಹುಡುಗಿ, ಇಷ್ಟೊಂದು ತಗೊಂಡು ಯಾರನ್ನ ಸುಡ್ತೀಯ?" ಎಂದು ಕೇಳಿದ. ನನ್ನ ಚಿಕ್ಕಪ್ಪನನ್ನು ಎಂದೆ. ಬೆಲೆಯಲ್ಲಿ ಸ್ವಲ್ಪ ಇಳಿಸಿದ.

ಪೆಟ್ಟಿಗೆಯಲ್ಲಿ ತಕ್ಕಡಿ ಇದೆ, ತೂಕದ ಕಲ್ಲುಗಳೂ ಇವೆ. ನೋಡಿದ ಕೂಡಲೇ ನೀನು ಮುಖ ಸಿಂಡರಿಸುತ್ತೀ ಎಂದು ಗೊತ್ತು. ನೀನೂ ಅಪ್ಪನೂ ಯಾವಾಗಲೂ ಕಣ್ಣಳತೆಯಲ್ಲೇ ಹಾಕಿದವರು. ಒಂದು ಸಲ ಚೆನ್ನಾಗಿ ಬರುತ್ತಿತ್ತು, ಒಂದು ಸಲ ಚರ್ಮ ಸುಲಿಯುತ್ತಿತ್ತು. ನನ್ನ ಜೊತೆ ಕೆಲಸ ಮಾಡುವವಳ ಅಣ್ಣ ಸಾಬೂನು ಕಾರ್ಖಾನೆಯಲ್ಲಿದ್ದಾನೆ. ಅವನನ್ನು ಕೇಳಿದೆ. ಏಳು ತೂಕ ತಾಳೆಎಣ್ಣೆಗೆ ಒಂದು ತೂಕ ಸೋಡಾ, ಅದಕ್ಕಿಂತ ಚಿಟಿಕೆಯಷ್ಟು ಕಮ್ಮಿಯೇ ಇರಲಿ, ಹೆಚ್ಚು ಬೇಡ. ಕೊಯ್ದ ಮೇಲೆ ಒಂದು ತಿಂಗಳು ನೆರಳಲ್ಲಿ ಒಣಗಲಿ. ಆತುರಪಟ್ಟು ಮಾರಬೇಡ.

ತಕ್ಕಡಿಗೆ ದುಡ್ಡು ಹಾಕಬೇಕೋ ಬೇಡವೋ ಎಂದು ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನೂ ಬೇಡ ಎನ್ನುತ್ತಿದ್ದೆ.

ಈ ವರ್ಷ ಸಂಜೆಯ ಲೆಕ್ಕಪತ್ರದ ತರಗತಿಗೆ ಹೋಗುತ್ತಿಲ್ಲ. ಬಸ್ಸಿನ ನೂಕುನುಗ್ಗಲು ತಪ್ಪಿತು. ನಾನು ಚೆನ್ನಾಗಿದ್ದೇನೆ.

ಅರಾಫಾ


ಉಜಿಜಿ
೧೨ ಏಪ್ರಿಲ್ ೧೯೯೨

ನನ್ನ ಮಗಳೇ,

ಹಬ್ಬ ಮುಗಿಯಿತು. ಇಷ್ಟು ದಿನ ಬರೆಯಲಿಲ್ಲವೆಂದು ಸಿಟ್ಟಾಗಬೇಡ, ಕೈ ಖಾಲಿ ಇರಲಿಲ್ಲ.

ತಕ್ಕಡಿ ನೋಡಿ ಮುಖ ಸಿಂಡರಿಸಿದ್ದು ನಿಜ. ಮೊದಲ ಹಂಡೆಗೆ ಬೇಕೆಂದೇ ಕಣ್ಣಳತೆಯಲ್ಲಿ ತೆಗೆದು, ಆಮೇಲೆ ತೂಗಿದೆ. ಎಷ್ಟು ಹೆಚ್ಚು ಹಾಕುತ್ತಿದ್ದೆ ಎಂದು ನಿನಗೆ ಹೇಳುವುದಿಲ್ಲ. ಆ ಹೆಚ್ಚಿನದನ್ನು ಚೀಲಕ್ಕೆ ವಾಪಸು ಹಾಕಿದೆ. ಸಾಬೂನು ಬೆಣ್ಣೆಯ ಹಾಗೆ ಕೊಯ್ಯಲು ಬಂತು.

ರಂಜಾನಿನ ಕೊನೆಯ ವಾರ ಮಾರುಕಟ್ಟೆಗೆ ಇಳಿದೆ. ಹಬ್ಬಕ್ಕೆ ಬಟ್ಟೆ ಒಗೆಯದವರು ಯಾರು? ಮೀನಿನವರ ಪಕ್ಕದಲ್ಲಿ ಚಾಪೆ ಹಾಸಿ ಕೂತೆ. ಮೊದಲ ದಿನ ಚೆನ್ನಾಗಿ ಹೋಯಿತು. ಎರಡನೆಯ ದಿನ ಯಾರೂ ಹತ್ತಿರ ಬರಲಿಲ್ಲ. ಏನೆಂದು ನೋಡಿದರೆ ಚಿಕು ಕೊಳಾಯಿಯ ಹತ್ತಿರ ನಿಂತು ಬಂದವರಿಗೆಲ್ಲ ಹೇಳುತ್ತಿದ್ದಾಳೆ, ಮ್ವನೈದಿಯ ಸಾಬೂನು ಹಚ್ಚಿಕೊಂಡ ಮಗುವಿನ ಕೆನ್ನೆ ಸುಟ್ಟಿತು ಎಂದು. ಯಾವ ಮಗು ಎಂದು ಕೇಳಿದರೆ ಕಾಸಿಂಬೊದಲ್ಲಿ ಯಾರದೋ ಅಂತೆ.

ನಾನು ಎದ್ದೆ. ಮೀನಿನವಳಿಂದ ಒಂದು ಬೇಸಿನ್ ನೀರು ಕೇಳಿ ಪಡೆದೆ. ಮಾರುಕಟ್ಟೆಯ ನಡುವೆ, ಮ್ರಿಶೊನ ಬಂಡಿಯ ಎದುರಿಗೇ ಇಟ್ಟುಕೊಂಡು ಕೂಗಿದೆ.

"ನೋಡಿ ಬನ್ನಿ! ಉಪವಾಸ ಇರೋದ್ರಿಂದ, ಸುಡುತ್ತಾ ಅಂತ ನಾಲಿಗೇಲಿ ಮುಟ್ಟಿ ತೋರ್ಸಕ್ಕಾಗಲ್ಲ. ಮುಖ ತೊಳೀತೀನಿ. ಸುಟ್ರೆ ಎಲ್ರಿಗೂ ಕಾಣುತ್ತೆ, ನನ್ನ ಮುಖ ಏನು ಚಿಕ್ಕದಲ್ಲ."

ಜನ ಸೇರಿದರು. ಮುಖ ತೊಳೆದೆ, ಕುತ್ತಿಗೆ ತೊಳೆದೆ, ನೊರೆಯನ್ನು ಕಣ್ಣುರೆಪ್ಪೆಯ ಮೇಲೂ ಬಿಟ್ಟುಕೊಂಡು ಹಾಗೆಯೇ ನಿಂತೆ. ಒಬ್ಬ ಮುದುಕಿ ಹತ್ತಿರ ಬಂದು ನನ್ನ ಕೆನ್ನೆ ಹಿಂಡಿ ನೋಡಿ, "ಮದುಮಗಳ ಥರ ಆಗಿದ್ದಾಳಲ್ಲೇ!" ಎಂದಳು. ಆಗ ನಾನು ಬೇಸಿನ್ನಿಗೆ ಹೊಸ ನೀರು ಹಾಕಿ ಮ್ರಿಶೊನ ಕಡೆ ನೂಕಿದೆ.

"ಈಗ ನಿನ್ನ ಸರದಿ ಮೈದುನ. ನಿನ್ನ ಸಾಬೂನು, ನಿನ್ನ ಮುಖ."

"ಹೆಂಗಸರ ಜೊತೆ ಬೀದೀಲಿ ಆಟ ಆಡೋನಲ್ಲ ನಾನು" ಎಂದ.

"ತೊಳಿ! ತೊಳಿ!" ಎಂದು ಮೀನಿನವರು ಶುರುಮಾಡಿದರು. ತೊಳೆಯುವುದಿರಲಿ, ಅವನು ನಮಾಜಿನ ಹೊತ್ತಾಯಿತೆಂದು ಎದ್ದ. ಆಗಿನ್ನೂ ಮಸೀದಿಯಲ್ಲಿ ಬಾಂಗ್ ಕೂಗಿರಲಿಲ್ಲ. ನಗು ಅವನನ್ನು ಮಸೀದಿಯ ಮೆಟ್ಟಿಲವರೆಗೂ ಬಿಟ್ಟುಬಂತು. ಹಬ್ಬದ ಹಿಂದಿನ ದಿನ ನನ್ನ ಚಾಪೆ ಮಧ್ಯಾಹ್ನಕ್ಕೇ ಬರಿದಾಯಿತು. ಈಗ ಜನ ನಮ್ಮ ಹಿತ್ತಲು ಹುಡುಕಿಕೊಂಡು ಬರುತ್ತಾರೆ. ಇದನ್ನು ನಿನಗೆ ಚುಚ್ಚಲೆಂದೇ ಬರೆದೆ.

ಸಂಜೆಯ ತರಗತಿಯ ಮಾತನ್ನು ನೀನು ಎರಡು ಸಾಲಿನಲ್ಲಿ ಮುಗಿಸಿದ್ದೀ. ನಾನು ಆ ಎರಡು ಸಾಲನ್ನು ಬಹಳ ಸಲ ಓದಿದೆ.

ತಾಯಿ
ಮ್ವನೈದಿ


ಮಾಗೊಮೆನಿ
೧೦ ಮೇ ೧೯೯೨

ಅಮ್ಮ,

ಬೇಸಿನ್ನಿನ ಕಥೆಯನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಹೆಡ್ ಗುಮಾಸ್ತರು ಎರಡು ಸಲ ಓದಿಸಿದರು.

ಚಿಕ್ಕಪ್ಪ ನನಗೆ ಪತ್ರ ಬರೆದಿದ್ದಾನೆ. ನೀನು ಮನೆತನದ ಮಾನವನ್ನು ಮೀನಿನ ಮಾರುಕಟ್ಟೆಯಲ್ಲಿ ತೊಳೆಯುತ್ತಿದ್ದೀಯಂತೆ. ನಾನು ಓದಿದವಳಂತೆ, ಬುದ್ಧಿ ಹೇಳಬೇಕಂತೆ. ನಿನ್ನ ಪೀಪಾಯಿಯನ್ನು ಅವನ ಅಂಗಳಕ್ಕೆ ತಂದರೆ ತಿಂಗಳಿಗೊಮ್ಮೆ ನಿನಗೂ ನನಗೂ 'ಏನಾದರೂ' ಕೊಡುತ್ತಾನಂತೆ. ನಾನು ಬರೆದ ಉತ್ತರವನ್ನು ನಿನಗೂ ತಿಳಿಸುತ್ತೇನೆ, ಆಮೇಲೆ ನಿನಗೆ ಬೇರೆ ಥರ ಹೇಳಿಬಿಟ್ಟಾನು:

"ಚಿಕ್ಕಪ್ಪ, ಪತ್ರ ತಲುಪಿತು. ಅಮ್ಮನ ಕೆಲಸದಲ್ಲಿ ನನ್ನ ದುಡ್ಡೂ ಇದೆ, ಹಾಗಾಗಿ ಇದು ಅವಳೊಬ್ಬಳ ಹಟವೆಂದು ತಿಳಿಯಬೇಡಿ. 'ಏನಾದರೂ' ಎಂದರೆ ಎಷ್ಟು ಎಂದು ಅಪ್ಪ ಇದ್ದಾಗಲೂ ನೀವು ಹೇಳಲಿಲ್ಲ. ನಮ್ಮ ಪೀಪಾಯಿ ನಮ್ಮ ಹಿತ್ತಲಲ್ಲೇ ಇರುತ್ತದೆ. ನಿಮಗೆ ಸಾಬೂನು ಬೇಕಾದರೆ ಅಲ್ಲಿಗೆ ಬನ್ನಿ. ಅರಾಫಾ ಯಾಸಿನಿ."

ಇನ್ನು ನಮ್ಮಿಬ್ಬರ ಮಾತು. ಲಾಭ ಕೈಗೆ ಬಂದಿರಬೇಕು. ಈಗಲಾದರೂ ಬಾಗಿಲ ಹತ್ತಿರದ ಅಂಗಡಿಯನ್ನು ಯೋಚಿಸು. ಹಿಂದೆ ಹೇಳಿದಾಗ ನನ್ನದು ತಪ್ಪು ಹೊತ್ತಾಗಿತ್ತು, ತಪ್ಪು ಮಾತಾಗಿರಲಿಲ್ಲ. ಮಳೆ ಬಂದರೆ ಚಾಪೆಯ ಮೇಲೆ ಸಾಬೂನು ಕರಗುತ್ತದೆ. ಲೈಸೆನ್ಸು ಮಾತ್ರ ಬೇರೆ ಯಾರ ಹೆಸರಿಗೂ ಬೇಡ, ನಿನ್ನ ಹೆಸರಿಗೇ ಮಾಡಿಸು.

ಕೇಳುತ್ತಿದ್ದೇನೆ, ಹೇಳುತ್ತಿಲ್ಲ.

ಅರಾಫಾ


ಉಜಿಜಿ
೨ ಆಗಸ್ಟ್ ೧೯೯೨

ಮಗಳೇ ಅರಾಫಾ,

ನಿನ್ನ ಕಡೆಯ ಸಾಲಿಗೆ ಮೊದಲು ಉತ್ತರ. ಕೇಳಿದ್ದೀ, ಕೇಳಿಸಿಕೊಂಡೆ. ಮಳೆ ಶುರುವಾಗುವ ಮುಂಚೆ ಬಾಗಿಲ ಹತ್ತಿರದ ಅಂಗಡಿಯ ಅರ್ಧವನ್ನು ಹಿಡಿಯುತ್ತೇನೆ, ಇನ್ನರ್ಧದಲ್ಲಿ ಟೈಲರ್ ಕೂರುತ್ತಾನೆ. ಗಾಜಿನ ಬೀರು ಮಾತ್ರ ಇಲ್ಲ. ಲೈಸೆನ್ಸು ಆಯಿತು. ಪಟ್ಟಣ ಕಚೇರಿಯ ಗುಮಾಸ್ತ, "ಮಾಲೀಕರ ಹೆಸರು?" ಎಂದ. ಹೇಳಿದೆ. "ಅಲ್ಲಮ್ಮ, ಗಂಡಸರ ಹೆಸರು" ಎಂದ. "ಗಂಡಸರ ಹೆಸರಲ್ಲಿ ಆಗ್ಲೇ ಒಂದಿದೆಯಲ್ಲ, ಇದು ನನ್ನದು" ಎಂದು, ಅವನು ಬರೆಯುವವರೆಗೂ ಮೇಜಿನ ಎದುರು ನಿಂತೇ ಇದ್ದೆ. ನನ್ನ ಹಿಂದೆ ಸಾಲು ಬೆಳೆಯಿತು. ಬರೆದ.

ಒಣಗಾಲ ಬಂತು, ಎಣ್ಣೆಯ ಬೆಲೆ ಏರಿತು. ಬಾಕಿ ತೀರಿಸದಿದ್ದಕ್ಕೆ ಇಲಗಾಲದವರು ಮ್ರಿಶೊಗೆ ಕೊಡುವುದನ್ನು ನಿಲ್ಲಿಸಿದ್ದಾರೆ. ಅವನು ನನ್ನ ಹಿತ್ತಲಿಗೆ ಬಂದು, ಡಬ್ಬ ಬೇಕು ಎಂದ. ಇವತ್ತಿನ ಬೆಲೆ ಹೇಳಿದೆ.

"ಮನೆಯವನಿಗೆ ಏನೂ ಬಿಡಲ್ವಾ?"

"ಮನೆಯವನು ಅಂತ್ಲೇ ಇವತ್ತು ಕೊಡ್ತಿದ್ದೀನಿ. ಸಾಲ ಇಲ್ಲ."

ದುಡ್ಡು ಕೊಟ್ಟು ಒಯ್ದ. ಅವನ ಐದು ಹಂಡೆಗಳಲ್ಲಿ ಎರಡಕ್ಕೇ ಬೆಂಕಿ ಇದೆಯಂತೆ.

ಈಗ ಕೇಳು, ನಿನ್ನೆ ನಡೆದದ್ದು. ಬೆಳಗ್ಗೆ ಒಲೆ ಹಚ್ಚುತ್ತಿದ್ದೆ. ಚಿಕು ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಬಲಗೈಗೆ ಬಟ್ಟೆ ಸುತ್ತಿತ್ತು, ಸೋಡಾ ಸಿಡಿದದ್ದು.

"ಅಕ್ಕ, ದಿನಕ್ಕೆ ಎಷ್ಟು ಕೊಡ್ತೀಯ?"

"ಯಾರಿಗೆ?"

"ನನಗೆ."

ನಾನು ಅವಳನ್ನೇ ನೋಡಿದೆ. "ನನ್ನ ಸಾಬೂನು ಮಗು ಕೆನ್ನೆ ಸುಟ್ತು ಅಂದವಳು ನೀನೇ ಅಲ್ವಾ?"

"ಅಂದೆ" ಎಂದಳು. ತಲೆ ತಗ್ಗಿಸಲಿಲ್ಲ. "ಅನ್ನು ಅಂದ್ರು, ಅಂದೆ. ಅವತ್ತು ರಾತ್ರಿ ಉಪವಾಸ ಬಿಟ್ಟು ಉಣ್ಣಕ್ಕೆ ಕೂತ್ರೆ ಅವ್ರು ನನ್ನ ಕಡೆ ತಿರುಗೂ ನೋಡ್ಲಿಲ್ಲ. ಸುಳ್ಳು ಹೇಳಿದ್ದು ನಾನು, ಅವಮಾನ ಆಗಿದ್ದು ಅವ್ರಿಗಂತೆ. ನಿನ್ನ ಹತ್ರ ಕ್ಷಮೆ ಕೇಳಕ್ಕೆ ಬಂದಿಲ್ಲ ಅಕ್ಕ. ಕೆಲಸ ಕೇಳಕ್ಕೆ ಬಂದೆ. ಹದಿನಾರು ವರ್ಷ ತೊಳಸಿದ್ದೀನಿ, ನನ್ನದು ಅಂತ ಒಂದು ಕಾಂಗಾ ಕೊಂಡಿಲ್ಲ."

ಅರಾಫಾ, ಆ ಹೊತ್ತಿನಲ್ಲಿ ನನಗೆ ಕನಿಕರ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಹಿತ್ತಲಿಂದ ಅಟ್ಟಿಬಿಡಬೇಕು ಎನಿಸಿತು. ಆದರೆ ಅವಳು ಅಷ್ಟರಲ್ಲಿ ಕೋಲು ತೆಗೆದುಕೊಂಡು, ಎಡಗೈಯಲ್ಲೇ, ಹಂಡೆಯನ್ನು ತೊಳಸಲು ಶುರುಮಾಡಿದ್ದಳು. ತಳ ಹಿಡಿಯದ ಹಾಗೆ, ಅಂಚಿನಿಂದ ನಡುವಿಗೆ. ಅಷ್ಟು ಚೆನ್ನಾಗಿ ನಾನೂ ತೊಳಸಲಾರೆ. ಆ ಕೈಗೆ ಮ್ರಿಶೊ ಕೊಟ್ಟ ಬೆಲೆ ಸೊನ್ನೆ. ನಾನು ದಿನಗೂಲಿ ಹೇಳಿದೆ. ಅವಳು ಚೌಕಾಸಿ ಮಾಡಿ ಸ್ವಲ್ಪ ಏರಿಸಿದಳು!

ಮಧ್ಯಾಹ್ನ ಮ್ರಿಶೊ ಬಂದ. ಈ ಸಲ ಮೃದುವಾಗಿ ಅಲ್ಲ.

"ನನ್ನ ಹೆಂಡ್ತಿಗೆ ಕೂಲಿ ಕೊಡಕ್ಕೆ ನೀನ್ಯಾರು?"

"ನೀನು ಕೊಡದೇ ಇದ್ದದ್ದನ್ನ ಕೊಡೋಳು."

"ಚಿಕು, ನಡಿ ಮನೆಗೆ. ಹಂಡೆ ಕಾಯ್ತಿದೆ."

ಚಿಕು ತೊಳಸುವುದನ್ನು ನಿಲ್ಲಿಸಲಿಲ್ಲ. "ಸಂಜೆಗೆ ಬರ್ತೀನಿ" ಎಂದಳು. "ಹಂಡೆ ಕಾಯ್ತಿದ್ರೆ ನೀವೇ ಹೋಗಿ ತೊಳಸಿ. ತಳ ಹಿಡಿಯುತ್ತೆ, ಹುಷಾರು."

ಅವನು ಬಾಯಿ ತೆರೆದ. ಬೇಲಿಯಾಚೆ ಸಾಬೂನಿಗೆ ಬಂದ ನಾಲ್ಕಾರು ಹೆಂಗಸರು ನಿಂತಿದ್ದರು. ಅವರಲ್ಲಿ ಯಾರೂ ನಗಲಿಲ್ಲ, ಎಲ್ಲರೂ ಅವನನ್ನು ಸುಮ್ಮನೆ ನೋಡಿದರು. ಅವನು ಬಂದ ದಾರಿಯಲ್ಲೇ ವಾಪಸು ಹೋದ.

ನೀನು ಕೇಳುವ ಮುಂಚೆ ಹೇಳುತ್ತೇನೆ, ದುಡ್ಡು ಎಲ್ಲಿಗೆ ಹೋಯಿತೆಂದು. ನಿನ್ನ ಪಕ್ಕದ ಕೋಣೆಯ ಮುದುಕರು ಮತ್ತೆ ಬಂದಿದ್ದರು, ಅವರ ಕೈಲೇ ನಿನ್ನ ತರಗತಿಯ ಶುಲ್ಕ ಬರುತ್ತಿದೆ. ಹೊಸ ವರ್ಷಕ್ಕೆ ಸೇರು. ಇದನ್ನು ವಾಪಸು ಕಳಿಸಿದರೆ ರೈಲು ಹತ್ತಿ ಬಂದು ನಿನ್ನ ಹೆಡ್ ಗುಮಾಸ್ತರ ಮುಂದೆಯೇ ಜಗಳ ಆಡುತ್ತೇನೆ. ಮಿಕ್ಕದ್ದರಲ್ಲಿ ಅರ್ಧ ಅಂಗಡಿಗೆ. ಉಳಿದದ್ದು ಕೂಲಿಗೆ. ಈ ಕೂಲಿಯನ್ನು ನೀನು ಲೆಕ್ಕಪತ್ರದಲ್ಲಿ ಯಾವ ಕಡೆಗೆ ಬರೆಯುತ್ತೀಯೋ ನನಗೆ ಗೊತ್ತಿಲ್ಲ. ಅದನ್ನು ಮಾತ್ರ ಕಡಿಮೆ ಮಾಡು ಎನ್ನಬೇಡ, ಮಾಡುವುದಿಲ್ಲ.

ನಿನ್ನೆ ಸಂಜೆ ಚಿಕು ನೋಟನ್ನು ಕಾಂಗಾದ ತುದಿಗೆ ಕಟ್ಟಿದಳು, ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. ಇವತ್ತು ಬೆಳಗ್ಗೆ ನಾನು ಏಳುವ ಹೊತ್ತಿಗೆ ಬಂದಿದ್ದಳು, ಜೊತೆಯಲ್ಲಿ ಮ್ರಿಶೊನ ಅಂಗಳದಲ್ಲಿ ನೀರು ಹೊರುವ ಇಬ್ಬರು ಹೆಂಗಸರನ್ನೂ ಕರೆದುಕೊಂಡು. ಮ್ರಿಶೊ ಮಸೀದಿಯ ಶೇಖ್ ಸಾಹೇಬರ ಹತ್ತಿರ ದೂರು ಒಯ್ದಿದ್ದಾನಂತೆ, ಶುಕ್ರವಾರ ನನ್ನನ್ನು ಕರೆಸುತ್ತಾರಂತೆ. ಕರೆಸಲಿ, ಹೋಗುತ್ತೇನೆ, ನಾಲ್ಕೂ ಜನ ಹೋಗುತ್ತೇವೆ.

ಒಂದು ಪೀಪಾಯಿ ಸಾಲುವುದಿಲ್ಲ. ಇನ್ನೆರಡಕ್ಕೆ ಹೇಳಿಬಂದೆ.

ನಿನ್ನ ತಾಯಿ
ಮ್ವನೈದಿ